ಶೇವ್ ಆದ ಮೇಲೆ ಯಾವುದು ಹಚ್ಚಲಿ? ಎರಡು ಬಗೆಯ ವಿಚ್ ಹೇಝಲ್, ಪಟಿಕ, ರೋಸ್ ವಾಟರ್

ನನ್ನ ಗಡ್ಡದ ಕೂದಲು ಗುಂಗುರು. ಶೇವ್ ಮಾಡಿದ ಮರುದಿನವೇ ದವಡೆಯ ಕೆಳಗೆ ಕೆಂಪು ಗುಳ್ಳೆಗಳು ಏಳುತ್ತವೆ. ಅದಕ್ಕೇ ನಾಲ್ಕು ವಸ್ತುಗಳನ್ನು ಆರು ವಾರ ಹಚ್ಚಿ ನೋಡಿದೆ: ಆಲ್ಕೋಹಾಲ್ ಇರುವ ವಿಚ್ ಹೇಝಲ್, ಆಲ್ಕೋಹಾಲ್ ಇಲ್ಲದ ವಿಚ್ ಹೇಝಲ್, ಪಟಿಕ, ರೋಸ್ ವಾಟರ್. ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಇನ್ನೊಂದು. ಬ್ಲೇಡು, ಸೋಪು ಯಾವುದನ್ನೂ ಬದಲಾಯಿಸಲಿಲ್ಲ. ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದು ಹೇಗೆ, ಅಲ್ವಾ?

ವಿಚ್ ಹೇಝಲ್ ಉತ್ತರ ಅಮೆರಿಕದ ಪೂರ್ವ ಭಾಗದ ಒಂದು ಪೊದೆ. ಉಳಿದ ಗಿಡಗಳು ಎಲೆ ಉದುರಿಸುವ ಹೊತ್ತಿಗೆ ಇದು ಹಳದಿ ಹೂ ಬಿಡುತ್ತದೆ. ಅಲ್ಲಿನ ಮೂಲನಿವಾಸಿಗಳು ಇದರ ತೊಗಟೆ, ಕಡ್ಡಿ ಕುದಿಸಿ ಊತಕ್ಕೆ ಹಚ್ಚುತ್ತಿದ್ದರು. ಇವತ್ತು ಸಾಮಾನ್ಯವಾಗಿ ಬಾಟಲಿಯಲ್ಲಿ ಸಿಗುವುದು ಆ ಕಷಾಯ ಅಲ್ಲ. ಕಡ್ಡಿಗಳನ್ನು ಹಬೆಯಲ್ಲಿ ಬಟ್ಟಿ ಇಳಿಸಿ, ಬಂದ ನೀರಿಗೆ ಸುಮಾರು 14ರಿಂದ 15% ಆಲ್ಕೋಹಾಲ್ ಸೇರಿಸುತ್ತಾರೆ.

ವ್ಯತ್ಯಾಸ ಇರುವುದೇ ಇಲ್ಲಿ. ತೊಗಟೆಗೆ ಒಗರು ಕೊಡುವುದು ಟ್ಯಾನಿನ್. ಗಟ್ಟಿ ಟೀ ಕುಡಿದಾಗ ನಾಲಿಗೆ ಬಿಗಿದಂತಾಗುತ್ತದಲ್ಲ, ಅದೂ ಟ್ಯಾನಿನ್ ಕೆಲಸವೇ. ಆದರೆ ಟ್ಯಾನಿನ್ ಹಬೆಯ ಜೊತೆ ಮೇಲೇರುವುದಿಲ್ಲ. ಹಾಗಾಗಿ ಬಟ್ಟಿ ಇಳಿಸಿದ ನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಚ್ಚಿದ ಕೂಡಲೇ ಮುಖ ಬಿಗಿಯುವುದರಲ್ಲಿ ಆಲ್ಕೋಹಾಲ್‌ನದೇ ದೊಡ್ಡ ಪಾಲು.

ಆಲ್ಕೋಹಾಲ್ ಇರುವುದು ಮೊದಲ ಸಲ ಚುರ್ ಅಂತು. ಹತ್ತೇ ಸೆಕೆಂಡಿನಲ್ಲಿ ಆರಿ ತಂಪಾಯಿತು. ಹಣೆ, ಮೂಗಿನ ಜಿಡ್ಡು ತೆಗೆಯಲು ಇದರಷ್ಟು ಚೆನ್ನಾಗಿ ಬೇರೆ ಯಾವುದೂ ಕೆಲಸ ಮಾಡಲಿಲ್ಲ. ಸಂಜೆ ಹತ್ತಿಯಿಂದ ಒರೆಸಿದರೆ ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಆದರೆ ಎರಡನೇ ವಾರಕ್ಕೆ ಬಾಯಿಯ ಅಂಚಿನಲ್ಲಿ ಚರ್ಮ ಬಿರಿದು ಸಣ್ಣ ಹೊಟ್ಟು ಏಳತೊಡಗಿತು. ಒಣ ಚರ್ಮದವರಿಗೆ ಇದನ್ನು ನಾನು ಖಂಡಿತ ಹೇಳುವುದಿಲ್ಲ.

ಆಲ್ಕೋಹಾಲ್ ಇಲ್ಲದ್ದು ಬೇರೆಯದೇ ವಸ್ತು ಅನ್ನಿಸಿತು. ನನ್ನ ಬಾಟಲಿಯಲ್ಲಿ ಗ್ಲಿಸರಿನ್, ಲೋಳೆಸರ ಇದ್ದವು. ಉರಿ ಇಲ್ಲ, ಬಿಗಿತ ಕಡಿಮೆ, ಒಂದು ನಿಮಿಷ ಅಂಟಂಟು. ಆದರೆ ಶೇವ್ ಆದ ಮೇಲಿನ ಕೆಂಪು ಬೇಗ ಇಳಿದದ್ದು ಇದನ್ನು ಹಚ್ಚಿದ ಕೆನ್ನೆಯಲ್ಲೇ. ಕೊಳ್ಳುವಾಗ ಹೆಸರು ನೋಡಿ ಸುಮ್ಮನಾಗಬೇಡಿ, ಹಿಂದಿನ ಪಟ್ಟಿ ಓದಿ. ಪರಿಮಳ ಸೇರಿಸಿದ್ದರೆ ಬಿಟ್ಟುಬಿಡಿ. ಶೇವ್ ಆದ ಚರ್ಮಕ್ಕೆ ಅದು ಸುಮ್ನೆ ಕಿರಿಕಿರಿ. ಯಾವುದೇ ಇರಲಿ, ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ.

ಪಟಿಕದ ಕೆಲಸವೇ ಬೇರೆ. ಬ್ಲೇಡು ತಾಗಿ ರಕ್ತ ಜಿನುಗುವ ಜಾಗಕ್ಕೆ ಒದ್ದೆ ಕಲ್ಲನ್ನು ಒತ್ತಿ ಹಿಡಿದೆ. ಅರ್ಧ ನಿಮಿಷದಲ್ಲಿ ನಿಂತಿತು. ಈ ಒಂದು ವಿಷಯದಲ್ಲಿ ವಿಚ್ ಹೇಝಲ್ ಅದರ ಹತ್ತಿರಕ್ಕೂ ಬರುವುದಿಲ್ಲ. ಇನ್ನೊಂದು ಉಪಕಾರವೂ ಉಂಟು: ಕಲ್ಲು ಎಲ್ಲಿ ಉರಿಯುತ್ತದೋ ಅಲ್ಲಿ ರೇಜರನ್ನು ಜಾಸ್ತಿ ಒತ್ತಿದ್ದೇನೆ ಅಂತ ಅರ್ಥ. ಹಾಗೆ ನೋಡಿಕೊಂಡೇ ನನ್ನ ಕೈ ಹಗುರವಾಯಿತು. ಆದರೆ ಅದನ್ನು ತೊಳೆಯದೆ ಬಿಟ್ಟರೆ ಮುಖ ಕಾಗದದ ಹಾಗೆ ಬಿರುಸಾಗುತ್ತದೆ. ಕಂಕುಳಿನ ವಾಸನೆಗೂ ಪಟಿಕವೇ ಮೇಲು. ವಿಚ್ ಹೇಝಲ್ ಹಚ್ಚಿದ ದಿನ ಮಧ್ಯಾಹ್ನಕ್ಕೇ ವಾಸನೆ ವಾಪಸ್.

ರೋಸ್ ವಾಟರ್ ಘಮ ಚೆನ್ನ, ತಂಪು ಚೆನ್ನ. ಗುಳ್ಳೆಗಾಗಲಿ ಜಿಡ್ಡಿಗಾಗಲಿ ಏನೂ ಆಗಲಿಲ್ಲ.

ಕತ್ತಿನ ಗುಳ್ಳೆಗಳ ಮಾತಿಗೆ ಬಂದರೆ, ನಾಲ್ಕರಲ್ಲಿ ಯಾವುದೂ ಅವನ್ನು ತಡೆಯಲಿಲ್ಲ. ಕತ್ತರಿಸಿದ ಗುಂಗುರು ಕೂದಲು ಬಾಗಿ ಮತ್ತೆ ಚರ್ಮದೊಳಕ್ಕೇ ನುಗ್ಗುವುದರಿಂದ ಅವು ಏಳುತ್ತವೆ. ಕೂದಲು ಬೆಳೆಯುವ ದಿಕ್ಕಿಗೇ ಬ್ಲೇಡು ಎಳೆಯುವುದು, ತೀರಾ ನುಣ್ಣಗೆ ಬೋಳಿಸದಿರುವುದು, ಇವೆರಡರಿಂದ ಅವು ಕಡಿಮೆಯಾದವು. ಎದ್ದ ಗುಳ್ಳೆಯ ಉರಿಯನ್ನು ಮಾತ್ರ ಆಲ್ಕೋಹಾಲ್ ಇಲ್ಲದ ವಿಚ್ ಹೇಝಲ್ ಚೆನ್ನಾಗಿ ತಣಿಸಿತು.

ಈಗ ಕನ್ನಡಿಯ ಪಕ್ಕ ಇರುವುದು ಅದು ಮತ್ತು ಪಟಿಕದ ಕಲ್ಲು. ಆಲ್ಕೋಹಾಲ್ ಇರುವ ಬಾಟಲಿ ಹಾಸಿಗೆಯ ಪಕ್ಕಕ್ಕೆ ಹೋಗಿದೆ. ರಾತ್ರಿ ಸೊಳ್ಳೆ ಕಚ್ಚಿದ ಜಾಗಕ್ಕೆ ಒಂದು ಹನಿ ಒತ್ತಿದರೆ ನಿದ್ದೆ ಹತ್ತುವವರೆಗೆ ತುರಿಕೆ ತಡೆಯುತ್ತದೆ.