ಅಂಚು ಕತ್ತರಿಸದ ಬೈಂಡರ್

ಬಳ್ಳಾರಿಯಲ್ಲಿ ಹಳೆಯ ಪುಸ್ತಕ ಬೈಂಡ್ ಮಾಡಿಸಬೇಕು ಅಂದರೆ ಬ್ರೂಸ್‌ಪೇಟೆಯ ಚಾಚಾ ಹತ್ತಿರ ಹೋಗಿ. ಅಂಗಡಿಗೆ ಬೋರ್ಡಿಲ್ಲ. ಬಾಗಿಲಲ್ಲಿ ಕೆಂಪು ಬಟ್ಟೆಯ ಖಾತೆ ಪುಸ್ತಕಗಳನ್ನು ಪೇರಿಸಿರುತ್ತಾರೆ, ಅದೇ ಗುರುತು. ವ್ಯಾಪಾರಸ್ಥರ ಲೆಕ್ಕದ ಪುಸ್ತಕ ಹೊಲಿಯುವುದೇ ಅವರ ಕಸುಬು. ನಾವು ಕೊಟ್ಟಿದ್ದು ಬೇರೆ ಥರದ ಲೆಕ್ಕ.

ನಮ್ಮ ಕ್ಯಾಥೊಲಿಕ್ ಚರ್ಚಿನ ಫಾದರ್‌ಗೆ ಈಚೆಗೆ 75 ತುಂಬಿತು. ಆ ವಯಸ್ಸಿಗೆ ಧರ್ಮಕೇಂದ್ರದ ಗುರುಗಳು ಬಿಷಪ್ಪರಿಗೆ ರಾಜೀನಾಮೆ ಪತ್ರ ಕೊಡಬೇಕೆಂದು ಕೋರುತ್ತದೆ 1983ರ ಚರ್ಚಿನ ಕಾನೂನು. ಒಪ್ಪುವುದು ಬಿಡುವುದು ಬಿಷಪ್ಪರ ಕೈಯಲ್ಲಿ. ಫಾದರ್ ಪತ್ರ ಕೊಟ್ಟರು, ಬಿಷಪ್ಪರು ಒಪ್ಪಿದರು. ಚಿಕ್ಕ ಗುರುಗಳಾಗಿ, ಅಂದರೆ ಸಹಾಯಕರಾಗಿ, ಬಂದಿದ್ದ 4 ವರ್ಷ, ಆಮೇಲೆ ಮತ್ತೆ ಬಂದು 15 ವರ್ಷ, ಒಟ್ಟು 19 ವರ್ಷ ಅವರು ನಮ್ಮಲ್ಲಿದ್ದಾರೆ. ನನ್ನ ಮದುವೆ ಮಾಡಿಸಿದವರು ಅವರು. ನನ್ನ ಇಬ್ಬರು ಮಕ್ಕಳ ತಲೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಟ್ಟವರೂ ಅವರೇ.

ಪಾಲನಾ ಸಮಿತಿಯಲ್ಲಿ ಶಾಲು, ಹಾರ, ಪೆಂಡಾಲು ಅಂತ ಮಾತು ಶುರುವಾಯಿತು. ಫಾದರ್ ಕೇಳಿಸಿಕೊಂಡು ನನ್ನನ್ನು ಕರೆದರು. ನಾನು ಆಫೀಸಿನ ಬರವಣಿಗೆ ನೋಡಿಕೊಳ್ಳುತ್ತೇನೆ. "ಹಾರ ಬೇಡಮ್ಮ. ಆ ದುಡ್ಡಲ್ಲಿ ದೀಕ್ಷಾಸ್ನಾನದ ಪುಸ್ತಕ ಬೈಂಡ್ ಮಾಡಿಸಿ. ಬರೋ ಫಾದರ್ ಕೈಗೆ ಹರಿದ ಪುಸ್ತಕ ಕೊಟ್ಟು ಹೆಂಗೆ ಹೋಗ್ಲಿ?" ಅಂದರು.

ಈ ಪುಸ್ತಕ ಏನು ಅಂತ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಮಗುವಿನ ಹೆಸರು, ಅಪ್ಪ ಅಮ್ಮ, ಜ್ಞಾನ ತಂದೆ ತಾಯಿ (ಗಾಡ್‌ಪೇರೆಂಟ್ಸ್), ದಿನ, ಊರು, ಇಷ್ಟು ಸಾಲಿನಲ್ಲಿ ಇರುತ್ತದೆ. ಪಕ್ಕದ ಖಾಲಿ ಅಂಚು ಸುಮ್ನೆ ಬಿಟ್ಟ ಜಾಗ ಅಲ್ಲ. ಆ ಮಗು ದೊಡ್ಡವನಾಗಿ ದೃಢೀಕರಣ ಸಂಸ್ಕಾರ ಪಡೆದರೆ, ಮದುವೆಯಾದರೆ, ಗುರುವಾದರೆ ಅಲ್ಲಿ ಬರೆಯುತ್ತಾರೆ. ಮದುವೆ ಬೆಂಗಳೂರಿನಲ್ಲಾಗಲಿ, ದುಬೈನಲ್ಲಾಗಲಿ, ಅಲ್ಲಿನ ಚರ್ಚಿನಿಂದ ಇಲ್ಲಿಗೆ ಕಾಗದ ಬರಬೇಕು, ಇಲ್ಲಿ ಅಂಚಿನಲ್ಲಿ ಬರೆಯಬೇಕು. ಹಳೆಯ ಪುಟಗಳು ಲ್ಯಾಟಿನ್‌ನಲ್ಲಿವೆ. ನಮ್ಮ ಮುತ್ತಾತ ಊರಿಗೆಲ್ಲ ರಾಯಪ್ಪ, ಪುಸ್ತಕದಲ್ಲಿ ಮಾತ್ರ ಪೇತ್ರುಸ್.

ಹಿಂದೊಮ್ಮೆ ಬೇರೆ ಕಡೆ ಒಂದು ಪುಸ್ತಕ ಬೈಂಡ್ ಮಾಡಿಸಿದ್ದೆವು. ಅವರು ಪಕ್ಕದಲ್ಲಿ ತೂತು ಕೊರೆದು ದಾರ ಎಳೆದುಬಿಟ್ಟರು. ಪುಸ್ತಕ ಪೂರ್ತಿ ತೆರೆಯುವುದೇ ಇಲ್ಲ. ಮೂರೂ ಕಡೆ ಮಷಿನ್ನಿಗೆ ಕೊಟ್ಟು ಕತ್ತರಿಸಿದ್ದರು. ಎಷ್ಟೋ ಜನರ ಮದುವೆಯ ತಾರೀಕು ಅರ್ಧಕ್ಕೇ ನಿಂತಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಈ ಸಲ ಫಾದರ್ ಪುಸ್ತಕವನ್ನು ಕಾಂಪೌಂಡ್ ದಾಟಿಸಲಿಲ್ಲ. ಚಾಚಾ ಅವರೇ ಬರಲು ಒಪ್ಪಿದರು. ಚರ್ಚಿನ ಹಿಂದಿನ ವರಾಂಡದಲ್ಲಿ ಚಾಪೆ ಹಾಸಿ ಕೂತರು. ಮೊದಲ ಪುಸ್ತಕ ಬಿಡಿಸುವ ಮುಂಚೆ ಪುಟ ಪುಟ ತಿರುವಿ ನೋಡಿದರು. "ಅಂಚಲ್ಲಿ ಬರ್ದಾರಲ್ಲ ಸ್ವಾಮಿ, ಇದು ಬೇಕಾಗಿದ್ದಾ?" ಅಂತ ಕೇಳಿದರು. ಫಾದರ್ ವಿವರಿಸಿದರು. "ಹಂಗಾದ್ರೆ ಕಟಿಂಗ್ ಬ್ಯಾಡ. ಅಂಚು ಮೇಲೆ ಕೆಳಗೆ ಕಾಣ್ತದ, ನೋಡಾಕ ಚೆಂದ ಇರಲ್ಲ, ನಡೀತದಾ?" ಅಂದರು. ನಾನು ಇವರಿಗೆ ಪೂರ್ತಿ ಅಂಕ ಕೊಡುವುದು ಆ ಒಂದು ಪ್ರಶ್ನೆಗೇ. ಕೆಲಸ ಕೊಟ್ಟವರನ್ನು ಹೀಗೆ ಕೇಳುವವರು ಎಷ್ಟು ಜನ ಇದ್ದಾರೆ?

ಕೆಲಸವೂ ಹಾಗೇ ಇದೆ. ಹಳೆಯ ಅಂಟನ್ನು ಒದ್ದೆ ಬಟ್ಟೆಯಿಂದ ನೆನೆಸಿ ಬಿಡಿಸಿದರು. ಹರಿದ ಮಡಿಕೆಗಳಿಗೆ ತೆಳು ಕಾಗದದ ಪಟ್ಟಿ ಹಚ್ಚಿದರು, ಸೆಲ್ಲೋಟೇಪ್ ಮುಟ್ಟಲಿಲ್ಲ. ಮಡಿಕೆ ಮಡಿಕೆಯಾಗಿ ಬೆನ್ನಿನ ಕಡೆಯಿಂದ ಕೈಯಲ್ಲೇ ಹೊಲಿದರು. ಮೈದಾ ಅಂಟು ಕುದಿಸುವಾಗ ಹುಳ ಬೀಳದಿರಲಿ ಅಂತ ಚೂರು ಮೈಲುತುತ್ತ ಹಾಕಿದರು. ಏಪ್ರಿಲ್ ಬಿಸಿಲು, ಆದರೂ ಪುಟ ಹಾರುತ್ತವೆ ಅಂತ ಫ್ಯಾನ್ ಹಾಕಲು ಬಿಡಲಿಲ್ಲ. ಭಾರಕ್ಕೆ ಅಡುಗೆ ಮನೆಯ ಕಡಪಾ ಕಲ್ಲು ಇಟ್ಟರು.

ಕೊರತೆಯೂ ಹೇಳಬೇಕು. 5 ದಿನ ಅಂದಿದ್ದು 9 ದಿನ ಆಯಿತು. ಒಂದು ಪುಸ್ತಕದ ಬೆನ್ನ ಮೇಲೆ 1976 ಅಂತ ಬರಬೇಕಾದಲ್ಲಿ 1967 ಅಂತ ಒತ್ತಿದ್ದರು. ತೋರಿಸಿದ ಕೂಡಲೇ ಬಟ್ಟೆಯನ್ನೇ ಬದಲಿಸಿದರು, ದುಡ್ಡು ಕೇಳಲಿಲ್ಲ. ಬಿಲ್ ಕೊಡುವುದಿಲ್ಲ, ನಗದೇ ಬೇಕು. ಪುಸ್ತಕಕ್ಕೆ 600 ರೂಪಾಯಿಯಂತೆ 6 ಪುಸ್ತಕಕ್ಕೆ 3,600 ಆಯಿತು. ಕೈ ಹೊಲಿಗೆಗೆ ಇದು ಜಾಸ್ತಿ ಅಲ್ಲ. ದೀಪಾವಳಿಗೆ ಮುಂಚೆ ಮಾತ್ರ ಹೋಗಬೇಡಿ, ಖಾತೆ ಪುಸ್ತಕದ ಕೆಲಸ ಬಿಟ್ಟು ಬೇರೇನೂ ಹಿಡಿಯುವುದಿಲ್ಲ.

ಆ 9 ದಿನವೂ ಫಾದರ್ ಮಧ್ಯಾಹ್ನ ಕುರ್ಚಿ ಹಾಕಿಕೊಂಡು ಚಾಚಾ ಎದುರು ಕೂತಿರುತ್ತಿದ್ದರು. ಬಿಚ್ಚಿದ ಹಾಳೆಗಳನ್ನು ಅನುಕ್ರಮವಾಗಿ ಜೋಡಿಸಿ ಕೊಡುವುದು ಅವರ ಕೆಲಸ. ಜೋಡಿಸುತ್ತಾ ಒಂದೊಂದು ಹೆಸರಿಗೆ ನಿಲ್ಲುತ್ತಿದ್ದರು. "ಇವನು ನೀರು ಬಿದ್ದ ತಕ್ಷಣ ನಕ್ಕಿದ್ದ", "ಇವಳ ಮದುವೆ ದಿನ ಕರೆಂಟ್ ಇರಲಿಲ್ಲ" ಅನ್ನುತ್ತಿದ್ದರು. ಒಂದು ಹೆಸರಿನ ಅಂಚು ಇನ್ನೂ ಖಾಲಿ ಇತ್ತು. ಅದಕ್ಕೆ ಏನೂ ಹೇಳದೆ ಸ್ವಲ್ಪ ಹೊತ್ತು ಬೆರಳಿಟ್ಟುಕೊಂಡು ಕೂತರು. ನಾನೂ ಕೇಳಲಿಲ್ಲ.

ಹೋದ ಭಾನುವಾರ ಅವರ ಕೈಯ ಕೊನೆಯ ದೀಕ್ಷಾಸ್ನಾನ ಆಯಿತು. ಪುಸ್ತಕ ಮೇಜಿನ ಮೇಲೆ ಕೈ ಒತ್ತದೆಯೇ ಅಗಲವಾಗಿ ತೆರೆದುಕೊಂಡಿತು. ಫಾದರ್ ಬರೆದು ಸಹಿ ಹಾಕಿ, ಶಾಯಿ ಆರುವವರೆಗೂ ಮುಚ್ಚಲಿಲ್ಲ. ಮದುವೆ ರಿಜಿಸ್ಟರ್ ಇನ್ನೂ ಎರಡು ಬಾಕಿ ಇವೆ. ಹೊಸ ಫಾದರ್ ಬಂದ ಮೇಲೆ ಅವನ್ನೂ ಚಾಚಾಗೇ ಕೊಡುತ್ತೇವೆ, ಅದೇ ವರಾಂಡದಲ್ಲಿ.