ಕಿಣ್ವ ಎಬ್ಬಿಸೋ ಕ್ಯಾಪ್ಸೂಲ್: ಎರಡು ಸ್ಟಾರ್, ಅದೂ ಡಬ್ಬಿಗೆ

ಡಬ್ಬಿ ಗಟ್ಟಿ ಗಾಜಿನದು, ಮುಚ್ಚಳ ಬಿಗಿ. ಈಗ ಅದರಲ್ಲಿ ನಮ್ಮ ಮನೆಯವರು ಏಲಕ್ಕಿ ಹಾಕಿಟ್ಟಿದ್ದಾರೆ. ಒಳಗಿದ್ದ ಮಾಲಿನ ವಿಷಯ ಬೇರೆ.

ದ್ರಾಕ್ಷಿ ಸಿಪ್ಪೆಯಲ್ಲಿರೋ ರೆಸ್ವೆರಟ್ರಾಲ್ ಅನ್ನೋ ವಸ್ತು 500 ಮಿಲಿಗ್ರಾಂ, 60 ಕ್ಯಾಪ್ಸೂಲ್, 1,450 ರೂಪಾಯಿ. ಸರ್ಟ್-1 ಕಿಣ್ವವನ್ನು ಎಬ್ಬಿಸಿ ಮುಪ್ಪು ತಡೆಯುತ್ತೆ ಅಂತ ಮೇಲೆ ಬರೆದಿದೆ. ನನಗೆ 68. ಮಗಳು ಬೆಂಗಳೂರಲ್ಲಿ ಇದೇ ಕಿಣ್ವದ ಮೇಲೆ ಪಿಎಚ್‌ಡಿ ಮಾಡ್ತಿದ್ದಾಳೆ. ಅವಳ ಬಾಯಲ್ಲಿ ಹೆಸರು ಕೇಳಿ ಕೇಳಿ ಯಾರೋ ನೆಂಟರ ಥರ ಅನ್ನಿಸಿ, ಅವಳನ್ನ ಒಂದು ಮಾತು ಕೇಳದೆ ತರಿಸಿಬಿಟ್ಟೆ.

ಯುಗಾದಿಗೆ ಬಂದವಳು ಡಬ್ಬಿ ನೋಡಿ ನಕ್ಕಳು. ಡಿಎನ್‌ಎ ದಾರ ಹಿಸ್ಟೋನ್ ಅನ್ನೋ ರೀಲುಗಳಿಗೆ ಸುತ್ತಿರುತ್ತಂತೆ. ರೀಲಿಗೆ ಅಸಿಟೈಲ್ ಅನ್ನೋ ಪುಟ್ಟ ರಾಸಾಯನಿಕ ಚೂರು ಅಂಟಿದ್ದರೆ ಸುತ್ತು ಸಡಿಲ, ಜೀನ್ ಓದೋಕೆ ಸಿಗುತ್ತೆ. ಸರ್ಟ್-1 ಅದನ್ನ ಕಿತ್ತರೆ ಸುತ್ತು ಬಿಗಿ, ಜೀನ್ ಗಪ್‌ಚಿಪ್. ಒಂದೊಂದು ಸಲ ಕೀಳೋಕೂ ಜೀವಕೋಶದಲ್ಲಿರೋ ಎನ್‌ಎಡಿ ಅನ್ನೋ ಅಣು ಒಂದೊಂದು ಖರ್ಚು.

2003ರಲ್ಲಿ ಲ್ಯಾಬಿನಲ್ಲಿ ರೆಸ್ವೆರಟ್ರಾಲ್ ಹಾಕಿದಾಗ ಕಿಣ್ವ ಜೋರಾಗಿ ಕೆಲಸ ಮಾಡಿತಂತೆ. ಆದರೆ ಆ ಪರೀಕ್ಷೆಯಲ್ಲಿ ಅಸಿಟೈಲ್ ಕೀಳೋಕೆ ಅಂತ ಕಿಣ್ವಕ್ಕೆ ಕೊಟ್ಟ ಪ್ರೋಟೀನ್ ತುಣುಕಿಗೆ ಹೊಳೆಯೋ ಬಣ್ಣ ಅಂಟಿಸಿದ್ದರು. 2005ರಲ್ಲಿ ಬೇರೆಯವರು ಬಣ್ಣ ತೆಗೆದು ನೋಡಿದರೆ ಆ ಜೋರು ಇಲ್ಲ! ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು ನಾನು, ತಕ್ಕಡಿ ತಟ್ಟೆಯಡಿ ಹುಣಸೆಹಣ್ಣು ಮೆತ್ತೋದು ಗೊತ್ತು. "ಅಲ್ಲಪ್ಪ, ಇಲ್ಲಿ ಯಾರೂ ಬೇಕಂತ ಮೆತ್ತಿದ್ದಲ್ಲ," ಅಂದಳು. ಬಣ್ಣ ಅಂಟಿಸದ ಕೆಲವು ಸಹಜ ತುಣುಕುಗಳ ಮೇಲೂ ಪರಿಣಾಮ ಇದೆ ಅಂತ 2013ರಲ್ಲಿ ಮತ್ತೊಂದು ಪ್ರಬಂಧ ಬಂತಂತೆ. ಈ ಕಿಣ್ವ ಎಬ್ಬಿಸೋ ಔಷಧಿ ಸಿಗುತ್ತೆ ಅನ್ನೋ ಆಸೆಯಲ್ಲೇ ಔಷಧಿ ಕಂಪನಿ ಗ್ಲಾಕ್ಸೊದವರು ಅದಕ್ಕೂ ಮೊದಲು, 2008ರಲ್ಲಿ, ಸರ್ಟ್ರಿಸ್ ಅನ್ನೋ ಕಂಪನಿಗೆ 72 ಕೋಟಿ ಡಾಲರ್ ಸುರಿದರಂತೆ. ನನ್ನ 1,450 ಯಾವ ಲೆಕ್ಕ.

ನುಂಗಿದ್ದರಲ್ಲಿ ಹೆಚ್ಚಿನ ಪಾಲನ್ನ ಕರುಳು, ಯಕೃತ್ತು ಸೇರಿ ಬೇರೆ ರೂಪಕ್ಕೆ ತಿರುಗಿಸಿಬಿಡುತ್ತವೆ. ಇದ್ದ ಹಾಗೇ ರಕ್ತಕ್ಕೆ ಸೇರೋದು ತೀರಾ ಚೂರು. (ಇದೇ ವಸ್ತು ಶೇಂಗಾದಲ್ಲೂ ಒಂಚೂರು ಇದೆಯಂತೆ. ಮೂವತ್ತು ವರ್ಷ ಪುಕ್ಕಟೆ ತಿಂದಿದ್ದೀನಿ.)

ನನ್ನ ಅನುಭವ: ಹತ್ತೊಂಬತ್ತು ದಿನ ತಗೊಂಡೆ. ಹೊಟ್ಟೆ ಸಡಿಲ, ಮಂಡಿನೋವು ಹಾಗೇ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳಬೇಕು ಅನ್ನೋ ಒಂದು ಸಾಲೂ ಡಬ್ಬಿ ಮೇಲಿಲ್ಲ. ನಾನು ಆ ಮಾತ್ರೆ ತಗೊಳ್ತೀನಿ. ನಮ್ಮ ಡಾಕ್ಟರು ವಿಷಯ ಕೇಳಿದ ಕೂಡಲೇ ಕ್ಯಾಪ್ಸೂಲ್ ನಿಲ್ಲಿಸಿ ಅಂದರು. ಒಂದು ಸ್ಟಾರ್ ಕಡಿಮೆಯಾಗಿದ್ದು ಇದಕ್ಕೇ.

ಸೀಲ್ ಒಡೆದಿದೆ ಅಂತ ವಾಪಸ್ ತಗೊಳ್ಳಲಿಲ್ಲ. ಉಳಿದ 41 ಕವರಿನಲ್ಲಿವೆ. ನಿಮ್ಮ ಲ್ಯಾಬಿಗಾದರೂ ಒಯ್ಯಮ್ಮ ಅಂದೆ. "ಇದರೊಳಗೆ ಏನಿದೆ ಅಂತ ಮೊದಲು ಪರೀಕ್ಷೆ ಮಾಡಬೇಕಾಗುತ್ತಪ್ಪ," ಅಂದು ಬಸ್ ಹತ್ತಿದಳು.