ಉದ್ದ ರೆಕ್ಕೆಯ ಬೆಟ್ಟಾವೋ, ಗಿಡ್ಡ ರೆಕ್ಕೆಯದೋ: ಎರಡನ್ನೂ ಸಾಕಿ ನೋಡಿದ ಮೇಲೆ
ಹಾಫ್‌ಮೂನ್ ಬೆಟ್ಟಾ ಎಂಬ ಉದ್ದ ರೆಕ್ಕೆಯ ಅಲಂಕಾರಿಕ ಮೀನನ್ನು ಹದಿನಾಲ್ಕು ತಿಂಗಳು ಸಾಕಿ ಕಳೆದುಕೊಂಡ ನಂತರ ಅದೇ ತೊಟ್ಟಿಗೆ ಗಿಡ್ಡ ರೆಕ್ಕೆಯ ಪ್ಲಾಕಾಟ್ ಬೆಟ್ಟಾವನ್ನು ತಂದೆ. ಇನ್ನು ಮುಂದೆ ಉದ್ದ ರೆಕ್ಕೆಯ ಮೀನನ್ನು ನಾನು ತರುವುದಿಲ್ಲ. ಎರಡೂ ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ಒಂದೇ ಪ್ರಭೇದದವು. ಥಾಯ್ಲೆಂಡಿನ ಜವುಗಿನಲ್ಲೂ ಭತ್ತದ ಗದ್ದೆಗಳಲ್ಲೂ ಬದುಕುವ ಇವುಗಳ ಕಾಡು ಬಂಧುಗಳ ರೆಕ್ಕೆ ಗಿಡ್ಡವೇ. ಉದ್ದ ರೆಕ್ಕೆಯು ಜನರು ಅಂದಕ್ಕಾಗಿ ತಲೆಮಾರುಗಳ ಕಾಲ ಆರಿಸಿ ಬೆಳೆಸಿದ ಗುಣ.

ಅಂದದಲ್ಲಿ ಹಾಫ್‌ಮೂನ್‌ಗೆ ಸಾಟಿಯಿಲ್ಲವೆಂದು ಒಪ್ಪುತ್ತೇನೆ. ಕನ್ನಡಿ ಹಿಡಿದಾಗ, ತನ್ನ ಬಿಂಬವನ್ನೇ ಎದುರಾಳಿಯೆಂದು ಬಗೆದು, ಅದರ ಬಾಲವು 180 ಡಿಗ್ರಿ ತೆರೆದುಕೊಂಡು ಅರ್ಧಚಂದ್ರವಾಗುತ್ತಿದ್ದ ನೋಟಕ್ಕೇ ನಾನು ಮರುಳಾಗಿದ್ದೆ.

ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಆ ಬಾಲದ ನಡುವೆ ಅರ್ಧ ಬಟಾಣಿಯಷ್ಟು ಭಾಗ ಕಾಣೆಯಾಗಿತ್ತು. ರೆಕ್ಕೆ ಕೊಳೆಯುವ ರೋಗವೆಂದು ಹೆದರಿ ನೀರನ್ನು ಪರೀಕ್ಷಿಸಿದೆ. ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ವಿಷಗಳಾದ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ, ಉಷ್ಣತೆ 26 ಡಿಗ್ರಿ ಸೆಲ್ಸಿಯಸ್. ಕೊಳೆರೋಗವಾದರೆ ಅಂಚು ಕಪ್ಪಗೋ ಕೆಂಪಗೋ ಆಗಿ ದಿನಗಟ್ಟಲೆ ಸವೆಯುತ್ತದೆ, ಆದರೆ ಇಲ್ಲಿ ರಾತ್ರಿ ಬೆಳಗಾಗುವುದರೊಳಗೆ ಕತ್ತರಿಸಿದಂತೆ ತುಂಡು ಹೋಗಿತ್ತು. ಅಲಂಕಾರದ ಕಲ್ಲುಗಳಿಗೆ ತಗುಲಿ ಹರಿದಿರಬಹುದೆಂದು ಹಳೆಯ ನೈಲಾನ್ ಕಾಲುಚೀಲವನ್ನು ಅವುಗಳ ಮೇಲೆ ಎಳೆದು ನೋಡಿದೆ. ಎಲ್ಲಿಯೂ ಒಂದು ಎಳೆ ಸಿಕ್ಕಿಕೊಳ್ಳಲಿಲ್ಲ. ಕೊನೆಗೆ ಒಂದು ಸಂಜೆ ಕಣ್ಣಾರೆ ಕಂಡೆ: ಮೀನು ಗಿರ್ರನೆ ತಿರುಗಿ ತನ್ನ ಬಾಲವನ್ನೇ ಬಾಯಲ್ಲಿ ಹಿಡಿದು ಜಗ್ಗಿತು.

ಭಾರವಾದ ಬಾಲವೇ ಇದಕ್ಕೆ ಕಾರಣವಿರಬೇಕೆಂಬುದು ನನ್ನ ಅನಿಸಿಕೆ. ಬೆಟ್ಟಾ ಆಗಾಗ ಮೇಲಕ್ಕೆ ಬಂದು ಗಾಳಿಯನ್ನು ಉಸಿರಾಡುವ ಮೀನಾದ್ದರಿಂದ, ಆ ಪರದೆಯಂಥ ಬಾಲವನ್ನು ಎಳೆದುಕೊಂಡು ಏರುವುದು ಅದಕ್ಕೆ ಪ್ರತಿ ಸಲವೂ ದುಡಿಮೆಯಾಗಿತ್ತು. ಏರಿ ಬಂದ ಮೇಲೆ ಎಲೆಯೊಂದಕ್ಕೆ ಒರಗಿ ಬಹಳ ಹೊತ್ತು ಅಲ್ಲಾಡದೆ ಇರುತ್ತಿತ್ತು. ನೀರಿನ ಆಳವನ್ನು ಇಳಿಸಿದೆ, ಅಗಲ ಎಲೆಯ ಗಿಡವನ್ನು ಮೇಲ್ಮಟ್ಟದ ಹತ್ತಿರ ಕಟ್ಟಿದೆ, ನೀರಿನ ಸೆಳೆತ ತಗ್ಗಲೆಂದು ನಿಧಾನವಾಗಿ ಶೋಧಿಸುವ ಸ್ಪಂಜ್ ಫಿಲ್ಟರ್ ಹಾಕಿದೆ. ಗಾಯದ ಅಂಚಿನಲ್ಲಿ ಗಾಜಿನಂತೆ ತೆಳ್ಳನೆಯ ಹೊಸ ಪೊರೆ ಮೂಡಿ, ಬಣ್ಣ ತುಂಬುವಷ್ಟರಲ್ಲಿ ಮತ್ತೆ ಕಚ್ಚುತ್ತಿತ್ತು. ಐದನೆಯ ಸಲ ಗಾಯಕ್ಕೆ ನಿಜವಾಗಿಯೂ ಕೊಳೆರೋಗ ಹತ್ತಿತು. ದಿನವೂ ನೀರು ಬದಲಿಸಿದರೂ ಮೀನು ಉಳಿಯಲಿಲ್ಲ. ಆ ದುಃಖ ನನಗೆ ಇನ್ನೂ ಇದೆ.

ಪ್ಲಾಕಾಟ್ ಬಂದು ಒಂದು ವರ್ಷವಾಯಿತು, ಬಾಲದಲ್ಲಿ ಒಂದು ಸೀಳೂ ಇಲ್ಲ. ತೊಟ್ಟಿಯ ಮೂಲೆಮೂಲೆಗೂ ಈಜುತ್ತದೆ, ಆಹಾರದ ಕಾಳು ಬಿದ್ದ ಕ್ಷಣಕ್ಕೆ ತಳದಿಂದ ಬಾಣದಂತೆ ಮೇಲೇರುತ್ತದೆ. ನೀರಿನಿಂದ ಹೊರಕ್ಕೆ ಚೆನ್ನಾಗಿ ಹಾರುವುದರಿಂದ ಮುಚ್ಚಳ ಮಾತ್ರ ಬೇಕೇ ಬೇಕು. ಆಹಾರದಲ್ಲಿ ವ್ಯತ್ಯಾಸವಿಲ್ಲ. ಎರಡು ಗಂಡುಗಳನ್ನು ಒಟ್ಟಿಗೆ ಬಿಡಬಾರದೆಂಬುದು ಎರಡು ಬಗೆಗೂ ಅನ್ವಯಿಸುತ್ತದೆ.

ಬೆಳಿಗ್ಗೆ ಹೊರಟು ಸಂಜೆ ಮನೆ ಸೇರುವ, ವಾರಕ್ಕೊಮ್ಮೆ ಮೂರನೇ ಒಂದು ಪಾಲು ನೀರು ಬದಲಿಸುವ, ಚಿಕಿತ್ಸೆಗೆಂದು ಎರಡನೆಯ ತೊಟ್ಟಿ ಇಡುವಷ್ಟು ಹಣವಿಲ್ಲದ ನನ್ನಂಥವರಿಗೆ ಪ್ಲಾಕಾಟ್ ಸರಿ. ದಿನವೂ ಕುಳಿತು ಗಮನಿಸಬಲ್ಲವರು ಹಾಫ್‌ಮೂನ್ ಸಾಕಬಹುದು. ಆದರೆ ರೆಕ್ಕೆಯ ಎಳೆಗಳು ವಿಪರೀತ ಕವಲೊಡೆದ ರೋಸ್‌ಟೇಲ್ ಎಂಬ ಬಗೆಯನ್ನು ಯಾರೂ ತರಬಾರದೆಂದು ನನ್ನ ಕೋರಿಕೆ. ಕೊಳ್ಳುವ ಮುನ್ನ ಮೀನು ಬಾಲ ಅರಳಿಸಿದಾಗ ಅಲ್ಲ, ಮಡಚಿಕೊಂಡು ಈಜುವಾಗ ನೋಡಿ. ಆಗ ಬಾಲದ ಕಡೆ ಕೆಳಕ್ಕೆ ಜಗ್ಗುತ್ತಿದ್ದರೆ ಆ ಮೀನನ್ನು ಕೊಳ್ಳಬೇಡಿ.